ಮುಳ್ಳು ಹೇಳಿದ ಸುಳ್ಳು

ಕಳೆದ ಭಾನುವಾರ ಬೆಳಿಗ್ಗೆ ಅಪ್ಪ ತಮ್ಮ ಕಾರಿನಲ್ಲಿ ಕುಳಿತು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ರೇಡಿಯೊದ ಬಲಗಡೆಯ ತಿರುಪನ್ನು ಎರಡು ಸಲ ಆ ಕಡೆಗೂ ಎರಡು ಸಲ ಈ ಕಡೆಗೂ ತಿರುಗಿಸಿ, "ಮುಳ್ಳು ಸುಳ್ಳು ಹೇಳ್ತಾ ಇದೆಯಲ್ಲೋ" ಎಂದರು. ಒಂದೂವರೆ ತಿಂಗಳಿನಿಂದ ನಾನು ಪಟ್ಟ ಹೆಮ್ಮೆಯೆಲ್ಲ ಆ ಒಂದು ಮಾತಿಗೆ ತೆಪ್ಪಗಾಯಿತು.

ಕಾರು 1978ರ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಇಂದಿಗೂ ಅದನ್ನು ಫಿಯೆಟ್ ಎಂದೇ ಕರೆಯುತ್ತೇವೆ. 1089 ಸಿಸಿ ಎಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರು, ಡ್ಯಾಶ್‌ಬೋರ್ಡಿನ ನಡುವೆ ಮೀಡಿಯಂ ವೇವ್ ಮಾತ್ರ ಹಿಡಿಯುತ್ತಿದ್ದ ರೇಡಿಯೊ. ಎರಡು ತಿರುಪು, ಐದು ಬಿಳಿಯ ಗುಂಡಿ, ಗಾಜಿನ ಹಿಂದೆ ದಾರದ ಮೇಲೆ ಓಡುವ ಕೆಂಪು ಮುಳ್ಳು. ಬೇಕಾದ ಸ್ಟೇಷನ್ನಿಗೆ ಮುಳ್ಳನ್ನು ತಂದು ನಿಲ್ಲಿಸಿ, ಗುಂಡಿಯನ್ನು ಹೊರಗೆಳೆದು ಮತ್ತೆ ಒಳಗೆ ಒತ್ತಿದರೆ ಆ ಜಾಗವನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ಹತ್ತು ಹದಿನೈದು ವರ್ಷಗಳಿಂದ ಅದು ಮೂಕವಾಗಿತ್ತು. ಈಗ ಹಾಡು ಕೇಳುವಂತಾಗಬೇಕು, ಆದರೆ ಕಣ್ಣಿಗೆ ಏನೂ ಬದಲಾಗಿರಬಾರದು ಎಂಬುದು ನನ್ನ ಹಟ.

ಮೊದಲು ಹೋದದ್ದು ಬೆಂಗಳೂರಿನ ಜೆ.ಸಿ. ರಸ್ತೆಗೆ. ಅಂಗಡಿಯ ಹುಡುಗ ಕಾರಿನೊಳಗೆ ತಲೆ ತೂರಿಸಿ, ಒಂದು ನಿಮಿಷವೂ ನೋಡದೆ, "ಸಾರ್, ಕಟ್ ಮಾಡಿ ಕೂರಿಸಿದ್ರೆ ಒಂದು ಗಂಟೆ ಕೆಲಸ" ಎಂದ. ಈಗಿನ ಸ್ಟೀರಿಯೊಗಳಿಗೆ ಸುಮಾರು 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಕಿಂಡಿ ಬೇಕು. ಹಳೆಯ ರೇಡಿಯೊ ನಿಲ್ಲುವುದು ಎರಡು ತೂತು, ನಡುವೆ ಒಂದು ಸಣ್ಣ ಕಿಟಕಿಯ ಆಧಾರದಲ್ಲಿ. ಹಾಗಾಗಿ ತಗಡನ್ನು ಕೊಯ್ಯಲೇಬೇಕು, ಕೊಯ್ದ ಮೇಲೆ ಅದು ಮತ್ತೆ ಕೂಡುವುದಿಲ್ಲ. ಹುಡುಗನ ತಪ್ಪೇನಿಲ್ಲ, ದಿನಕ್ಕೆ ಹತ್ತು ಗಾಡಿ ನೋಡುವವನಿಗೆ ಇದೂ ಒಂದು ಗಾಡಿ. ಆದರೂ ಅವನ ಕೈಯಲ್ಲಿದ್ದ ಕಟರ್ ನೋಡಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಕೊನೆಗೆ ಸಿಕ್ಕವರು ನಮ್ಮ ಮೈಸೂರಿನಲ್ಲೇ ಇದ್ದ, ವಾಲ್ವ್ ರೇಡಿಯೊ ಕಾಲದಿಂದ ಕೆಲಸ ಮಾಡಿಕೊಂಡು ಬಂದ ಒಬ್ಬ ಹಿರಿಯರು. ಅವರು ದುಡ್ಡಿನ ಮಾತೆತ್ತುವ ಮೊದಲು ಬಾನೆಟ್ ತೆಗೆಸಿದರು. ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಕಾಲದ ಡೈನಮೊ ಇರುವ ಗಾಡಿ. ಸಿಗ್ನಲ್ಲಿನಲ್ಲಿ ನಿಂತರೆ ಚಾರ್ಜ್ ದೀಪ ಮಿಣುಕುತ್ತದೆ. ಇಂಥದಕ್ಕೆ ದೊಡ್ಡ ಆಂಪ್ಲಿಫೈಯರ್ ಕಟ್ಟಿದರೆ ಬ್ಯಾಟರಿ ಇಳಿದು ಗಾಡಿಯನ್ನು ದಿನಾ ತಳ್ಳಬೇಕಾಗುತ್ತದೆ ಎಂದು ಹೇಳಿ, ಒಂದೊಂದು ಕಡೆಗೆ 20 ವ್ಯಾಟಿನ, ಕಡಿಮೆ ವಿದ್ಯುತ್ತಿನಲ್ಲೇ ಕೆಲಸ ಮಾಡುವ, ಅಂಗೈಯಗಲದ ಕ್ಲಾಸ್ ಡಿ ಆಂಪ್ಲಿಫೈಯರನ್ನು ಆರಿಸಿದರು. ಅದಕ್ಕೆ ಬ್ಯಾಟರಿಯಿಂದಲೇ ಬೇರೆ ತಂತಿ ಎಳೆದು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಹಾಕಿದರು. ನಲವತ್ತು ವರ್ಷದ ಹಳೆಯ ವೈರಿಂಗಿನ ಮೇಲೆ ಹೊಸ ಹೊರೆ ಹೊರಿಸುವುದೆಂದರೆ ಬೆಂಕಿಗೆ ಕರೆಯೋಲೆ ಕೊಟ್ಟಂತೆ ಎಂಬುದು ಅವರ ಅಭಿಪ್ರಾಯ. ಡ್ಯಾಶ್‌ಬೋರ್ಡಿನ ಕೆಳಗೆ ಸ್ಪೀಕರಿಗಿದ್ದದ್ದು ಒಂದೇ ಜಾಗ. ಅಲ್ಲಿಗೆ ಎರಡು ಸುರುಳಿಗಳಿರುವ ಒಂದು ಸ್ಪೀಕರ್ ಕೂರಿಸಿ, ಎಡಗಡೆಯ ದನಿಯನ್ನು ಒಂದು ಸುರುಳಿಗೂ ಬಲಗಡೆಯದನ್ನು ಇನ್ನೊಂದಕ್ಕೂ ಕೊಟ್ಟರು. ಬಾಗಿಲಿಗೆ ತೂತು ಕೊರೆಯುವ ಪ್ರಮೇಯವೇ ಬರಲಿಲ್ಲ. ಎಂಜಿನ್ ಓಡುವಾಗ ಕೇಳುತ್ತಿದ್ದ ಪಟಪಟ ಸದ್ದು ಸ್ಪಾರ್ಕ್ ಪ್ಲಗ್ಗಿನದು ಎಂದು ಗುರುತಿಸಿ, ಪ್ಲಗ್ಗಿನ ಟೊಪ್ಪಿಗೆಗಳನ್ನು ಆ ಸದ್ದನ್ನು ತಗ್ಗಿಸುವ ರೆಸಿಸ್ಟರ್ ಇರುವಂಥವುಗಳಿಗೆ ಬದಲಿಸಿದರು. ರೇಡಿಯೊದ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ತೆಗೆದು, ಎಫ್‌ಎಂ ಮತ್ತು ಬ್ಲೂಟೂತ್ ಇರುವ ಬೋರ್ಡನ್ನು ಒಳಗಿಟ್ಟು, ಮುಖವನ್ನು ಮಾತ್ರ ಇದ್ದ ಹಾಗೆಯೇ ಮುಚ್ಚಿದರು. ತೆಗೆದ ಭಾಗಗಳನ್ನು ಪೇಪರಿನಲ್ಲಿ ಸುತ್ತಿ, "ಇದನ್ನ ಎಸೀಬೇಡಿ ಸರ್" ಎಂದು ನನ್ನ ಕೈಗಿತ್ತರು.

ದೀಪ ಮೊದಲಿನಂತೆಯೇ ಹಳದಿಯಾಗಿ ಹತ್ತಿತು. ಎಡಗಡೆಯ ತಿರುಪು ಟಕ್ ಎಂದು ಮೊದಲಿನಂತೆಯೇ ಸದ್ದು ಮಾಡಿತು. ನೋಡಿದ ಸ್ನೇಹಿತರೆಲ್ಲ ಬೆರಗಾದರು.

ಅಪ್ಪ ಮಾತ್ರ ಬೆರಗಾಗಲಿಲ್ಲ. ಬಲಗಡೆಯ ತಿರುಪನ್ನು ತಿರುಗಿಸಿದರೆ ದಾರ ಎಳೆಯುತ್ತಿತ್ತು, ಮುಳ್ಳು ಈ ತುದಿಯಿಂದ ಆ ತುದಿಗೆ ಚೆನ್ನಾಗಿಯೇ ಓಡುತ್ತಿತ್ತು. ಆದರೆ ಹಾಡು ಅದೇ ಹಾಡು, ಏಕೆಂದರೆ ಸ್ಟೇಷನ್ ಬದಲಿಸಲು ಗುಂಡಿ ಒತ್ತಬೇಕಿತ್ತು. ನಾನದನ್ನು ವಿವರಿಸಲು ಹೊರಟೆ. ಅವರು ಕೇಳಿಸಿಕೊಳ್ಳಲಿಲ್ಲ. ಮುಳ್ಳನ್ನು ಇನ್ನೊಮ್ಮೆ ಓಡಿಸಿ, ಇನ್ನೊಮ್ಮೆ ಅದೇ ಮಾತು ಹೇಳಿದರು.

ವಾರವಿಡೀ ಆ ಮಾತು ನನ್ನ ತಲೆಯಲ್ಲಿ ಸುತ್ತುತ್ತಿದೆ. ಅಪ್ಪನದು ಸದಾ ತಕರಾರಿನ ಸ್ವಭಾವ ಎಂದು ಮೊದಲು ಸಮಾಧಾನ ಮಾಡಿಕೊಂಡೆ; ಅದು ನಿಜವೂ ಹೌದು, ಅವರು ಮದುವೆಮನೆಯ ಊಟದಲ್ಲೂ ಉಪ್ಪನ್ನು ಅಳೆಯುವವರು. ಆದರೆ ಅವರ ತಕರಾರು ಮೂಲ ರೂಪದ ಬಗ್ಗೆ ಆಗಿರಲೇ ಇಲ್ಲ. ಐವತ್ತು ವರ್ಷ ದಾಟಿದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಲು 2021ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಚಾಸಿಸ್, ಬಾಡಿ, ಎಂಜಿನ್ನುಗಳನ್ನು ಮಾರ್ಪಡಿಸಿರಬಾರದು ಎನ್ನುತ್ತದೆ ಆ ನಿಯಮ. ನಮ್ಮ ಕಾರಿಗೆ ಆ ವಯಸ್ಸಾಗುವುದು 2028ಕ್ಕೆ. ಅಂದು ಯಾವ ಅಧಿಕಾರಿ ಬಂದು ನೋಡಿದರೂ ಈ ರೇಡಿಯೊದಲ್ಲಿ ತಪ್ಪು ಹುಡುಕಲಾರ. ಅಪ್ಪ ಹುಡುಕಿದರು, ಏಕೆಂದರೆ ಅವರು ಅದನ್ನು ನೋಡುವವರಲ್ಲ, ಬಳಸುವವರು. ನಾನು ಉಳಿಸಿದ್ದು ಹೊರಗೆ ನಿಂತು ಇಣುಕುವವನ ಕಣ್ಣಿಗೆ ಕಾಣುವಷ್ಟನ್ನು. ಮುಳ್ಳು ಎಲ್ಲಿಗೆ ಬಂದರೆ ಯಾವ ದನಿ ಎಂಬ ಕೈಯ ಲೆಕ್ಕವೂ ಆ ರೇಡಿಯೊದ ಭಾಗವೆಂದು ನನಗೆ ಹೊಳೆದಿರಲಿಲ್ಲ. 1935ರಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿ, ಆಕಾಶವಾಣಿ ಎಂಬ ಹೆಸರು ರೂಢಿಗೆ ಬಂದ ಮೈಸೂರಿನವರು ಅಪ್ಪ. ರೇಡಿಯೊ ವಿಷಯದಲ್ಲಿ ಅವರಿಗೆ ಸ್ವಲ್ಪ ಜಂಬವೂ ಇದೆ, ಅದನ್ನು ನಾವು ಸಹಿಸಿಕೊಂಡು ಬಂದಿದ್ದೇವೆ.

ಬುಧವಾರ ಮತ್ತೆ ಆ ಹಿರಿಯರ ಬಳಿಗೆ ಹೋಗಿ ವಿಷಯ ತಿಳಿಸಿದೆ. ಅವರು ನಕ್ಕು, "ನಿಮ್ ತಂದೆಯವ್ರು ಹೇಳೋದು ಸರಿ, ನಾನೇ ಸೋಮಾರಿತನ ಮಾಡ್ದೆ" ಎಂದು, ತಿರುಪಿನ ಹಿಂಬದಿಗೆ ಒಂದು ಪುಟ್ಟ ವೇರಿಯಬಲ್ ರೆಸಿಸ್ಟರ್ ಜೋಡಿಸಿದರು. ತಿರುಪು ಎಷ್ಟು ತಿರುಗಿದೆ ಎಂಬುದು ಈಗ ಬೋರ್ಡಿಗೆ ತಿಳಿಯುತ್ತದೆ. ಮುಳ್ಳಿನ ಜೊತೆಗೆ ಎಫ್‌ಎಂ 88ರಿಂದ 108 ಮೆಗಾಹರ್ಟ್ಸ್‌ವರೆಗೆ ಸಾಗುತ್ತದೆ. ಒಂದು ಕೊರತೆ ಉಳಿಯಿತು: ಗಾಜಿನ ಮೇಲೆ ಅಚ್ಚಾಗಿರುವುದು ಮೀಡಿಯಂ ವೇವಿನ ಅಂಕಿಗಳು, 55ರಿಂದ 160. ಗಾಜು ಬದಲಿಸಲು ನನಗೆ ಮನಸ್ಸಾಗಲಿಲ್ಲ.

ನಿನ್ನೆ ಸಂಜೆ ಅಪ್ಪ ಕಾರಿನಲ್ಲಿ ಕುಳಿತು ತಿರುಪನ್ನು ನಿಧಾನವಾಗಿ ತಿರುಗಿಸಿದರು. ಮುಳ್ಳು 120ರ ಆಸುಪಾಸಿಗೆ ಬಂದಾಗ ಮೈಸೂರು ಆಕಾಶವಾಣಿಯ 100.6 ಹಿಡಿಯಿತು. ಅವರು ಮುಳ್ಳನ್ನು ತುಸು ಹಿಂದಕ್ಕೆ ಒಯ್ದು ದನಿ ಕೆಡಿಸಿದರು, ಮತ್ತೆ ಮುಂದಕ್ಕೆ ತಂದು ಸರಿಮಾಡಿದರು. ಆಮೇಲೆ ಜೇಬಿನಿಂದ ಪೆಟ್ರೋಲ್ ಬಂಕಿನ ಚೀಟಿ ತೆಗೆದು, ಅದರ ಹಿಂಬದಿಯಲ್ಲಿ "ಮೈಸೂರು – 120ಕ್ಕಿಂತ ಒಂದು ಕೂದಲು ಆಚೆ" ಎಂದು ಬರೆದು, ಬಿಸಿಲು ಮರೆಯ ಹಿಂದೆ ಸಿಕ್ಕಿಸಿದರು.