ಹಳೇ ಸ್ಟಾಫನ್ನ ಹೊಸ ಪದ್ಧತಿಗೆ ಹೆಂಗೆ ಒಪ್ಸೋದು ಅಂತ ಕೇಳೋರಿಗೆ

ದಾವಣಗೆರೆ ಕಡೆ ರೈತರಿಗೆ ಸಾಲ ಕೊಡೋ ಸಹಕಾರಿ ಸೊಸೈಟಿಗಳ ಲೆಕ್ಕನ ಕಂಪ್ಯೂಟರಿಗೆ ಹಾಕೋ ಕೆಲಸ ನಂದು, ಹರಿಹರಕ್ಕೆ ಹೋದ್ರೂ ಜಗಳೂರಿಗೆ ಹೋದ್ರೂ ಸೆಕ್ರೆಟರಿಗಳು ಕೇಳೋದು ಒಂದೇ, "ನಮ್ಮ ಹಳೇ ಗುಮಾಸ್ತರು ಮೌಸ್ ಮುಟ್ಟಲ್ಲ ಸಾರ್, ಅವರನ್ನ ಹೆಂಗೆ ದಾರಿಗೆ ತರೋದು?"

ದಾರಿಗೆ ತರೋಕೆ ಹೋಗ್ಲೇಬೇಡಿ ಅಂತೀನಿ ನಾನು. ಇದ್ರಿಂದ ಅವರು ಏನು ಕಳ್ಕೊತಾರೆ ಅಂತ ಮೊದ್ಲು ಕೂತು ಕೇಳಿ.

1905ರಲ್ಲಿ ಗದಗದ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಂಘ ಶುರುವಾದಾಗಿಂದ ಈ ವ್ಯವಸ್ಥೆ ನಿಂತಿದ್ದೇ ಕೈಬರಹದ ಪುಸ್ತಕದ ಮೇಲೆ, 2022ರ ಜೂನಲ್ಲಿ ಕೇಂದ್ರ ಸಂಪುಟ 63,000 ಪ್ಯಾಕ್ಸ್‌ಗಳ, ಅಂದ್ರೆ ಇಂಥ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ, ಕಂಪ್ಯೂಟರೀಕರಣಕ್ಕೆ 2,516 ಕೋಟಿ ಒಪ್ತು, ಮೇಲಿಂದ ಸುತ್ತೋಲೆ ಬಂತು, ಟ್ರೇನಿಂಗೂ ಆಯ್ತು, ಆದ್ರೆ ಲೆಡ್ಜರ್ ಪುಟ ತಿರುವದೇನೇ ಯಾರ ಬಾಕಿ ಎಷ್ಟು ಅಂತ ಹೇಳ್ತಿದ್ದ ಮನುಷ್ಯನ ಹತ್ರ ನಾಳೆಯಿಂದ ಯಾರೂ ಏನೂ ಕೇಳಲ್ವಲ್ಲ, ಅದರ ಬಗ್ಗೆ ಯಾರೂ ಒಂದು ಮಾತು ಆಡ್ಲಿಲ್ಲ. ಊರಲ್ಲಿ ಅವರಿಗಿದ್ದ ಮರ್ಯಾದೆನೇ ಅದು.

ಕರ್ಟ್ ಲೆವಿನ್ ಅನ್ನೋ ಮನಶ್ಶಾಸ್ತ್ರಜ್ಞ 1947ರಲ್ಲೇ ಇದನ್ನ ಹೇಳಿದಾರೆ, ಒತ್ತಡ ಹಾಕಿ ಜನರನ್ನ ಬದಲಾಯಿಸಿದ್ರೆ ಒಳಗೆ ಬಿಗಿತ ಜಾಸ್ತಿ ಆಗುತ್ತೆ, ತಡೆ ಏನಿದೆಯೋ ಅದನ್ನ ತೆಗೆದ್ರೆ ಬಿಗಿತ ಇಲ್ದೆ ಕೆಲಸ ಮುಂದೆ ಹೋಗುತ್ತೆ ಅಂತ. ಮೆಮೊ ಕೊಟ್ಟು ಹೆದರ್ಸೋ ಸೆಕ್ರೆಟರಿಗಳಿಗೆ ನಾನು ಇದನ್ನೇ ಹೇಳೋದು.

ಒಂದು ಸೊಸೈಟಿಲಿ ಕಣ್ಣಾರೆ ನೋಡಿದ್ದು. ಹಳೇ ಬಾಕಿ ಎಂಟ್ರಿ ಮಾಡ್ತಿದ್ದ ಹುಡುಗಿ ಬಸವರಾಜಪ್ಪ ಅನ್ನೋ ಹೆಸರಿಗೆ ನಿಂತುಬಿಟ್ಳು, ಲೆಡ್ಜರಲ್ಲಿ ಅದೇ ಹೆಸರಿನೋರು ಇಬ್ರು, ಪಹಣಿಲಿ ಇನಿಷಿಯಲ್ ಒಂದು, ಆಧಾರಲ್ಲಿ ಇನ್ನೊಂದು. ಮೂಲೇಲಿ ಸುಮ್ನೆ ಕೂತಿದ್ದ ಗುಮಾಸ್ತರು ಎದ್ದು ಬಂದು ಪುಟದ ಮೇಲೆ ಬೆರಳಿಟ್ಟು, "ಇವ್ನು ಕೆರೆ ಹಿಂದ್ಲೋನು, ಸಾಲ ತೀರ್ಸಿದಾನೆ, ತೋಟದೋನ್ದು ಮುಂದಿನ ಪುಟ" ಅಂದ್ರು. ಶೂನ್ಯ ಬಡ್ಡಿ ಬೆಳೆಸಾಲ ವಾಯಿದೆಯೊಳಗೆ ಕಟ್ಟಿದೋರಿಗೆ ಮಾತ್ರ, ಒಬ್ಬರ ಜಮಾ ಇನ್ನೊಬ್ಬರ ಖಾತೆಗೆ ಬಿದ್ರೆ ಏನೂ ತಪ್ಪು ಮಾಡದ ರೈತ ಸುಸ್ತಿದಾರ ಆಗ್ತಾನೆ. ಸೆಕ್ರೆಟರಿ ಒಳ್ಳೇರು, ಅವತ್ತೇ ಆರ್ಡರ್ ಬರೆದ್ರು, ಈ ಗುಮಾಸ್ತರು ನೋಡಿ ಸಹಿ ಹಾಕದೆ ಯಾವ ಖಾತೆನೂ ಫೈನಲ್ ಮಾಡಂಗಿಲ್ಲ ಅಂತ. ಆಮೇಲೆ ಅವರೇ ಸ್ಕ್ರೀನ್ ಮುಂದೆ ಕುರ್ಚಿ ಎಳ್ಕೊಂಡು ಕೂರೋಕೆ ಶುರು ಮಾಡಿದ್ರು, ಯಾರೂ ಕರೀಲಿಲ್ಲ!

ಹಾಗಂತ ಎರಡೂ ಪದ್ಧತಿ ಎಷ್ಟು ದಿನ ಬೇಕಾದ್ರೂ ನಡೀಲಿ ಅಂತ ಬಿಡ್ಬೇಡಿ. ಪುಸ್ತಕ, ಕಂಪ್ಯೂಟರ್ ಎರಡರ ತಾಳೆಪಟ್ಟಿನೂ, ಅಂದ್ರೆ ಎಲ್ಲ ಖಾತೆಗಳ ಬಾಕಿ ಪಟ್ಟಿ, ಒಂದೇ ಬರೋವರೆಗೆ ಜೊತೆಗೇ ನಡೆಸಿ, ಬಂದ ಮೇಲೆ ಪುಸ್ತಕ ನಿಲ್ಲೋ ತಾರೀಖನ್ನ ಎಲ್ರ ಮುಂದೆ ಹೇಳಿ, ಯಾರ ಕೆಲಸ ಏನಾಗುತ್ತೆ ಅನ್ನೋದನ್ನೂ ಅವತ್ತೇ ಹೇಳಿ, ಮುಚ್ಚಿಡೋದ್ರಿಂದ ಹುಟ್ಟೋ ಗಾಳಿಸುದ್ದಿಗೆ ಆಮೇಲೆ ಮದ್ದಿಲ್ಲ.

ಯಾವಾಗ ಶುರು ಮಾಡೋದು ಅಂತಾನೂ ಕೇಳ್ತಾರೆ. ಮಾರ್ಚ್ ಕೊನೆ ಬೇಡ, ಮುಂಗಾರಿಗೆ ಬೀಜ ಗೊಬ್ಬರಕ್ಕೆ ಜನ ಕ್ಯೂ ನಿಲ್ಲೋ ಹೊತ್ತಂತೂ ಬೇಡ್ವೇ ಬೇಡ, ಕೌಂಟರ್ ಖಾಲಿ ಇರೋ ತಿಂಗಳು ಯಾವುದು ಅಂತ ನಿಮ್ಮ ಗುಮಾಸ್ತರನ್ನೇ ಕೇಳಿ, ಅವರಿಗೆ ಗೊತ್ತಿರುತ್ತೆ.