64 ಗ್ರಾಂ ರೇಜರು, ಒಂದು ಚೆಂಬು ನೀರು

ಐದು ತಿಂಗಳ ಹಿಂದೆ ಮ್ಯೂಲೆ ಆರ್ 89 ಎಂಬ ಜರ್ಮನ್ ಸೇಫ್ಟಿ ರೇಜರನ್ನು ಕೊಂಡೆ. ಅದಕ್ಕೂ ಮೊದಲು ಹದಿನೆಂಟು ವರ್ಷ ಹಲವು ಅಲಗುಗಳ ಕಾರ್ಟ್ರಿಜ್ ರೇಜರುಗಳನ್ನೇ ಬಳಸಿದ್ದೆ. ಬದಲಾಯಿಸಬೇಕಾಗಿ ಬಂದದ್ದು ಕತ್ತಿನ ದೆಸೆಯಿಂದ. ಗಂಟಲ ಉಬ್ಬಿನ ಎರಡೂ ಬದಿಗೆ, ಅಂಗಿಯ ಕಾಲರು ಉಜ್ಜುವ ಜಾಗದಲ್ಲಿ, ವರ್ಷವಿಡೀ ಕೆಂಪು ಗುಳ್ಳೆಗಳು ಇದ್ದೇ ಇರುತ್ತಿದ್ದವು. ಚರ್ಮವೈದ್ಯರು ನೋಡಿ, ಕತ್ತರಿಸಿದ ಕೂದಲು ಚರ್ಮದ ಮಟ್ಟಕ್ಕಿಂತ ಕೆಳಗೆ ಸರಿದು, ಮತ್ತೆ ಬೆಳೆಯುವಾಗ ಹೊರಬರುವ ದಾರಿ ತಪ್ಪಿ ಒಳಗೇ ಬಾಗಿ ಚುಚ್ಚಿಕೊಳ್ಳುತ್ತಿದೆ ಎಂದು ವಿವರಿಸಿದರು. ಹಲವು ಅಲಗುಗಳ ರೇಜರಿನಲ್ಲಿ ಮುಂದಿನ ಅಲಗು ಕೂದಲನ್ನು ಹಿಡಿದು ತುಸು ಮೇಲೆಳೆಯುತ್ತದೆ, ಅದು ಹಿಂದೆ ಸರಿಯುವಷ್ಟರಲ್ಲಿ ಅದರ ಬೆನ್ನಿಗಿರುವ ಅಲಗು ಇನ್ನೂ ಕೆಳಗೆ ಕತ್ತರಿಸುತ್ತದೆ. ಕೆನ್ನೆಯ ನುಣುಪಿಗೂ ಕತ್ತಿನ ಗುಳ್ಳೆಗೂ ಮೂಲ ಇದೊಂದೇ. ಒಂದೇ ಅಲಗಿನಿಂದ ಕ್ಷೌರ ಮಾಡಿಕೊಂಡು ನೋಡಿ ಎಂದವರೂ ಅವರೇ.

ಈ ರೇಜರು ತಯಾರಾಗುವುದು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಗುಡ್ಡಗಾಡಿನ ಷ್ಟ್ಯುಟ್ಸೆನ್‌ಗ್ರ್ಯೂನ್ ಎಂಬ ಸಣ್ಣ ಊರಿನಲ್ಲಿ. 1945ರಲ್ಲಿ ಒಂದು ಕುಟುಂಬ ಕ್ಷೌರದ ಬ್ರಷ್ ಕಟ್ಟುವ ಕೆಲಸದಿಂದ ಆರಂಭಿಸಿದ ಉದ್ಯಮ ಅದು. ಪೂರ್ವ ಜರ್ಮನಿಯ ಸರ್ಕಾರ 1972ರಲ್ಲಿ ಅದನ್ನು ವಶಕ್ಕೆ ತೆಗೆದುಕೊಂಡಿತ್ತು, 1990ರಲ್ಲಿ ಅದು ಮತ್ತೆ ಆ ಕುಟುಂಬದ ಕೈಗೆ ಬಂತು. ರೇಜರಿನಲ್ಲಿರುವುದು ಮೂರೇ ಭಾಗ: ಮೇಲಿನ ಮುಚ್ಚಳ, ಕೆಳಗಿನ ತಟ್ಟೆ, ತಿರುಪು ಇರುವ ಹಿಡಿ. ಅಡುಗೆಮನೆಯ ತಕ್ಕಡಿಯಲ್ಲಿಟ್ಟಾಗ 64 ಗ್ರಾಂ ತೂಗಿತು. ಪ್ಲಾಸ್ಟಿಕ್ ಹಿಡಿಗೆ ಒಗ್ಗಿದ ಕೈಗೆ ಈ ತೂಕ ಮೊದಲು ಅತಿಯೆನಿಸಿತು. ಅದು ಏಕೆ ಬೇಕು ಎಂಬುದು ನನಗೆ ಅರ್ಥವಾದದ್ದು ಬಹಳ ತಡವಾಗಿ.

ಮೂರೂ ಭಾಗಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ನೋಡುವುದೇ ಒಂದು ಸಂತೋಷ. ಬ್ಲೇಡಿನ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಭಾಗ ಮಾತ್ರ. ಬರಿಗೈಯಲ್ಲಿ ಹಿಡಿದರೆ ಕಾಗದದಂತೆ ಬಾಗುತ್ತದೆ. ಮುಚ್ಚಳದ ಒಳಮೈ ಕಮಾನಿನಂತಿದೆ, ತಟ್ಟೆಯ ಮೇಲ್ಮೈಯೂ ಅದಕ್ಕೆ ಹೊಂದುವಂತೆ ಉಬ್ಬಿದೆ. ಹಿಡಿಯನ್ನು ತಿರುಗಿಸಿ ಬಿಗಿದಾಗ ಬ್ಲೇಡು ಎರಡರ ನಡುವೆ ಸಿಕ್ಕಿ ಬಿಲ್ಲಿನಂತೆ ಬಾಗುತ್ತದೆ, ಆ ಬಾಗಿನಿಂದಲೇ ಅದಕ್ಕೆ ಬಿಗುವು ಬರುತ್ತದೆ. ಅಲಗು ಅಂಚಿನಿಂದ ಹೊರಗೆ ಇಣುಕುವುದು ಕೂದಲೆಳೆಯಷ್ಟು. ಅದರ ಮುಂದೆ, ಸಣ್ಣ ಏರಿಳಿತಗಳಿರುವ ಒಂದು ದಂಡೆ ಚರ್ಮವನ್ನು ಮೊದಲು ತಾಗಿ ಸಮನಾಗಿಸುತ್ತದೆ. ಸೇಫ್ಟಿ ಎಂಬ ಹೆಸರಿನ ಅರ್ಥವೆಲ್ಲ ಈ ದಂಡೆಯಲ್ಲಿದೆ. ಇದೇ ಕಂಪನಿಯ ಆರ್ 41ರಲ್ಲಿ ದಂಡೆಯ ಬದಲು ಬಾಚಣಿಗೆಯಂತಹ ಹಲ್ಲುಗಳಿವೆ, ಅಲಗೂ ಹೆಚ್ಚು ಹೊರಚಾಚಿರುತ್ತದೆ. ಹೊಸಬರಿಗೆ ಅದನ್ನು ನಾನು ಖಂಡಿತ ಹೇಳಲಾರೆ.

ಇಷ್ಟು ತೆಳುವಾದ ಉಕ್ಕಿನ ತಗಡಿಗೆ ಅಲಗು ಕಟ್ಟುವುದು ಒಂದು ಕಾಲಕ್ಕೆ ಅಸಾಧ್ಯವೆನಿಸಿತ್ತು. ಕಿಂಗ್ ಕ್ಯಾಂಪ್ ಜಿಲೆಟ್ ಅವರು ಬಾಟಲಿಯ ಮುಚ್ಚಳ ತಯಾರಿಸುವ ಕಂಪನಿಯ ಮಾರಾಟಗಾರರಾಗಿದ್ದಾಗ, ಬಳಸಿ ಎಸೆಯಬಹುದಾದ ತೆಳು ಬ್ಲೇಡಿನ ಕಲ್ಪನೆ 1895ರಲ್ಲಿ ಅವರಿಗೆ ಹೊಳೆಯಿತು. ಆದರೆ ಅಂತಹ ತಗಡು ಕಾಯಿಸಿ ತಣಿಸುವಾಗ ಸೊಟ್ಟಗಾಗುತ್ತಿತ್ತು, ಅದಕ್ಕೆ ಹದ ಹಿಡಿಸುವ ಬಗೆ ಯಾರಿಗೂ ತಿಳಿದಿರಲಿಲ್ಲ. ಆ ತೊಡಕನ್ನು ಬಿಡಿಸಿದವರು ವಿಲಿಯಂ ನಿಕರ್ಸನ್ ಎಂಬ ಎಂಜಿನಿಯರು. ಮಾರಾಟದ ಮೊದಲ ವರ್ಷವಾದ 1903ರಲ್ಲಿ ಹೋದದ್ದು 51 ರೇಜರು ಮತ್ತು 168 ಬ್ಲೇಡು. ಮರುವರ್ಷ ರೇಜರುಗಳೇ ತೊಂಬತ್ತು ಸಾವಿರ ದಾಟಿದವು. ನಿಕರ್ಸನ್ ಅವರ ಹೆಸರು ಬ್ಲೇಡಿನ ಪೊಟ್ಟಣದ ಮೇಲೆ ಬರಲಿಲ್ಲವೆಂಬುದು ನನಗೆ ಇಂದಿಗೂ ಬೇಸರದ ಸಂಗತಿ.

ಇನ್ನು ನನ್ನ ಅನುಭವ. ಮೊದಲ ಮೂರು ವಾರ ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನು ಮಾಡಿಕೊಂಡ ಕ್ಷೌರಗಳಲ್ಲಿ ಒಂದೂ ನೆಮ್ಮದಿ ಕೊಡಲಿಲ್ಲ. ಬ್ರಷ್ಷನ್ನು ನೆನೆಸಿ, ಕ್ಷೌರದ ಸೋಪಿನ ಬಿಲ್ಲೆಯ ಮೇಲೆ ತಿರುಗಿಸಿ, ಬಟ್ಟಲಿನಲ್ಲಿ ನೊರೆ ಎಬ್ಬಿಸಿದರೆ ಅದು ಮೊದಲು ಮೊಸರಿನಂತೆ ಕಂಡು, ಕೆನ್ನೆಗೆ ಹಚ್ಚಿ ರೇಜರು ಕೈಗೆತ್ತಿಕೊಳ್ಳುವುದರೊಳಗೆ ಗುಳ್ಳೆಗಳೊಡೆದು ಒಣಗಿಬಿಡುತ್ತಿತ್ತು. ಒಣಗಿದ ಕಡೆ ರೇಜರು ತಡವರಿಸುತ್ತಿತ್ತು, ತಡವರಿಸಿದಲ್ಲಿ ನಾನು ಕೈಯನ್ನು ಒತ್ತುತ್ತಿದ್ದೆ, ಒತ್ತಿದಲ್ಲಿ ಗೀರು ಬೀಳುತ್ತಿತ್ತು. ಪಟಿಕದ ತುಂಡನ್ನು ಒದ್ದೆ ಮಾಡಿ ಸವರಿದರೆ ಕತ್ತಿನುದ್ದಕ್ಕೂ ಉರಿ. ಬ್ಲೇಡು ಬದಲಿಸಿದೆ, ಹಿಡಿಯುವ ಕೋನ ಬದಲಿಸಿದೆ, ಸೋಪು ಹೆಚ್ಚು ಹಾಕಿದೆ. ರೇಜರು ನನ್ನ ಚರ್ಮಕ್ಕೆ ಹೇಳಿದ್ದಲ್ಲವೆಂದು ತೀರ್ಮಾನಿಸಿ ಡಬ್ಬಿಯೊಳಗೆ ಇಡುವ ಹಂತಕ್ಕೂ ಬಂದೆ.

ಆ ನಡುವೆ ಒಂದು ಮದುವೆಗಾಗಿ ತೀರ್ಥಹಳ್ಳಿಯ ಬಳಿಯ ನಮ್ಮ ಊರಿಗೆ ಹೋಗಬೇಕಾಯಿತು. ಡಬ್ಬಿ ಬ್ಯಾಗಿನಲ್ಲೇ ಉಳಿದಿತ್ತು. ಅಲ್ಲಿಯ ಮನೆಗೆ ಇಂದಿಗೂ ಬರುವುದು ಅಬ್ಬಿ ನೀರು: ಹಿಂದೆ ಅಡಿಕೆಮರದ ದಂಬೆಯಲ್ಲಿ ಹರಿದು ಬರುತ್ತಿದ್ದದ್ದು ಈಗ ಕಪ್ಪು ಪೈಪಿನಲ್ಲಿ ಗುಡ್ಡದಿಂದ ತಾನಾಗಿ ಇಳಿಯುತ್ತದೆ. ಬಚ್ಚಲಿನ ಹಂಡೆಯಿಂದ ಬಿಸಿನೀರು ತೋಡಿಕೊಂಡು, ಎಂದಿನ ಬ್ರಷ್ಷಿನಲ್ಲಿ ಎಂದಿನ ಸೋಪಿನಿಂದ ನೊರೆ ಎಬ್ಬಿಸಿದೆ. ಅರೆನಿಮಿಷದಲ್ಲಿ ಬಟ್ಟಲು ತುಂಬಿತು. ಆ ನೊರೆ ಹೊಳೆಯುತ್ತಿತ್ತು. ಬ್ರಷ್ಷನ್ನು ಮೇಲೆತ್ತಿದರೆ ಕೊಕ್ಕಿನಂತೆ ಬಾಗಿ ನಿಲ್ಲುತ್ತಿತ್ತು. ಜಗಲಿಯ ಕಂಬಕ್ಕೆ ಕನ್ನಡಿ ತೂಗುಹಾಕಿ ನಿಂತಿದ್ದ ನನ್ನನ್ನು ನೋಡಿದ ದೊಡ್ಡಪ್ಪ, "ಹಚ್ಚಿದ ಕೂಡಲೇ ಕೆರೆಯೋಕೆ ಹೋಗಬೇಡ ಮಾರಾಯ, ಗಡ್ಡ ನೆನೀಲಿ. ಒಂದು ಲೋಟ ಕಾಫಿ ಕುಡಿದು ಬಾ" ಎಂದರು. "ಅಷ್ಟರಲ್ಲಿ ಒಣಗೋದಿಲ್ಲವಾ ದೊಡ್ಡಪ್ಪ?" ಎಂದು ಕೇಳಿದೆ. "ಈ ನೀರಲ್ಲಿ ಒಣಗೋದಿಲ್ಲ" ಎಂದು ಹೇಳಿ ಅವರು ತೋಟಕ್ಕೆ ಇಳಿದರು. ಕಾಫಿ ಮುಗಿಸಿ ಬಂದರೂ ನೊರೆ ಹಾಗೆಯೇ ಇತ್ತು. ರೇಜರನ್ನು ಕೆನ್ನೆಗಿಟ್ಟರೆ ಅದು ತನ್ನ ತೂಕದಿಂದಲೇ ಕೆಳಗೆ ಸರಿಯಿತು, ಕೂಳೆ ಕೊಯ್ಯುವಂತಹ ಸಣ್ಣ ಸದ್ದು ಕೇಳಿಸಿತು. ಒಂದು ಗೀರೂ ಇಲ್ಲ. ಪಟಿಕ ಸವರಿದಾಗ ತಂಪಲ್ಲದೆ ಬೇರೇನೂ ತಿಳಿಯಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ನೀರಿನ ಗಡಸುತನ ಅಳೆಯುವ ಒಂದು ಸಣ್ಣ ಕಿಟ್ ಕೊಂಡೆ. ನಮ್ಮ ಕಟ್ಟಡಕ್ಕೆ ಕಾವೇರಿ ನೀರು ಬರುವುದು ಕೆಲವು ದಿನ ಮಾತ್ರ. ಉಳಿದಂತೆ ತೊಟ್ಟಿ ತುಂಬುವುದು ಕೊಳವೆಬಾವಿಯಿಂದ. ಆ ನೀರಿನ ಗಡಸುತನ ಲೀಟರಿಗೆ 480 ಮಿಲಿಗ್ರಾಂ ಬಂತು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ 200 ಸ್ವೀಕಾರಾರ್ಹ ಮಿತಿ, ಬೇರೆ ಮೂಲವಿಲ್ಲದಿದ್ದರೆ 600ರವರೆಗೂ ಒಪ್ಪಬಹುದು. ಅಂದರೆ ಕುಡಿಯಲು ನಿಯಮ ಒಪ್ಪುವ ನೀರೇ ಕ್ಷೌರದ ಸೋಪಿಗೆ ಆಗಿಬರುತ್ತಿರಲಿಲ್ಲ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಪಿನ ಕೊಬ್ಬಿನಾಮ್ಲದೊಂದಿಗೆ ಸೇರಿ, ನೀರಿನಲ್ಲಿ ಕರಗದ ಬಿಳಿಯ ಗಷ್ಟಾಗಿ ಬೇರ್ಪಡುತ್ತವೆ. ಬಕೆಟ್ಟಿನ ಅಂಚಿಗೆ ಸಾಲುಕಟ್ಟಿ ಅಂಟಿರುವ ಬೂದು ಪಟ್ಟಿ ಅದೇ. ಸೋಪಿನ ಬಹುಪಾಲು ಹೀಗೆ ನೀರಿನೊಡನೆ ಹೋರಾಡುವುದರಲ್ಲೇ ತೀರಿಹೋಗಿ, ನೊರೆ ಹಿಡಿದು ನಿಲ್ಲಿಸಲು ಉಳಿಯುವುದು ಅಲ್ಪ. ಮೂರು ವಾರ ನಾನು ಜರ್ಮನಿಯ ಲೋಹದಲ್ಲಿ ಹುಡುಕಿದ ದೋಷ ನನ್ನ ನಲ್ಲಿಯಲ್ಲಿತ್ತು.

ಪರಿಹಾರ ಕಷ್ಟದ್ದಾಗಿರಲಿಲ್ಲ. ಮುಖ ತೊಳೆಯಲು, ರೇಜರು ಅದ್ದಲು ನಲ್ಲಿಯ ನೀರೇ ಸಾಕು. ನೊರೆಗೆ ಮಾತ್ರ ಆರ್‌ಒ ಯಂತ್ರದ ಒಂದು ಚೆಂಬು ನೀರನ್ನು ಬಿಸಿ ಮಾಡಿಕೊಳ್ಳುತ್ತೇನೆ, ಅದರಲ್ಲೂ ಅರ್ಧ ಉಳಿಯುತ್ತದೆ. ಮಳೆಗಾಲದಲ್ಲಿ ತಾರಸಿಯಿಂದ ಹಿಡಿದು ಸೋಸಿದ ನೀರು ಇನ್ನೂ ಚೆನ್ನ. ಬರೀ ಕುದಿಸಿ ನೋಡಿದವರೂ ಇದ್ದಾರೆ. ಕುದಿಸಿದರೆ ಬೈಕಾರ್ಬನೇಟಿನಿಂದ ಬಂದ ಗಡಸು ಮಾತ್ರ ತಳಕ್ಕಿಳಿಯುತ್ತದೆ, ಸಲ್ಫೇಟು ಮತ್ತು ಕ್ಲೋರೈಡುಗಳಿಂದ ಬಂದದ್ದು ಹಾಗೆಯೇ ಇರುತ್ತದೆ. ಸ್ನಾನದ ಸೋಪನ್ನೇ ಕೆನ್ನೆಗೆ ತಿಕ್ಕಿಕೊಳ್ಳುವ ಅಭ್ಯಾಸ ನಮ್ಮ ಅನೇಕ ಮನೆಗಳಲ್ಲಿದೆ. ಅದನ್ನು ಬಿಡಿ ಎಂದು ನಾನು ಕಳಕಳಿಯಿಂದ ಹೇಳುತ್ತೇನೆ. ಕ್ಷೌರದ ಸೋಪಿನಲ್ಲಿ ಸ್ಟಿಯರಿಕ್ ಆಮ್ಲದ ಪಾಲು ಹೆಚ್ಚು, ಅದನ್ನು ಪೊಟ್ಯಾಸಿಯಂ ಕ್ಷಾರದಿಂದ ಮಾಡಿರುವುದರಿಂದ ಮೆದುವಾಗಿ ನೀರಿನಲ್ಲಿ ಬೇಗ ಬೆರೆಯುತ್ತದೆ, ನೊರೆ ದಟ್ಟವಾಗಿ ಬಹಳ ಹೊತ್ತು ನಿಲ್ಲುತ್ತದೆ. ದೊಡ್ಡಪ್ಪನವರ ಕಾಫಿಯ ಲೆಕ್ಕವೂ ಸರಿಯಾದದ್ದೇ. ಕೂದಲಿನ ಕೆರಾಟಿನ್ ನೀರು ಹೀರಿ ಉಬ್ಬಿ ಮೆತ್ತಗಾಗಲು ಎರಡು ಮೂರು ನಿಮಿಷ ಬೇಕು, ನೊರೆಯ ಮುಖ್ಯ ಕೆಲಸ ಆ ನೀರನ್ನು ಅಲ್ಲೇ ಹಿಡಿದಿಡುವುದು.

ನೊರೆ ಸರಿಯಾದ ಮೇಲಷ್ಟೇ ರೇಜರಿನ ಗುಣ ನನಗೆ ಕಂಡದ್ದು. ಕಾರ್ಟ್ರಿಜ್ ರೇಜರಿನ ತಲೆ ಮುಖದ ಏರುತಗ್ಗಿಗೆ ತಾನೇ ವಾಲಿಕೊಳ್ಳುತ್ತದೆ, ಒತ್ತಿದರೂ ಸಹಿಸುತ್ತದೆ. ಇಲ್ಲಿ ತಲೆ ಸ್ಥಿರ, ವಾಲಬೇಕಾದದ್ದು ಮಣಿಕಟ್ಟು. ಮುಚ್ಚಳದ ಅಂಚನ್ನು ಕೆನ್ನೆಗೆ ತಾಗಿಸಿ, ಹಿಡಿಯನ್ನು ಮೆಲ್ಲಗೆ ಕೆಳಗಿಳಿಸುತ್ತ ಬಂದರೆ ಅಲಗು ಕೂದಲನ್ನು ತಾಗುವ ಒಂದು ಹದ ಸಿಗುತ್ತದೆ. ಅಲ್ಲಿಂದ ಬೆರಳಿನ ತುದಿಯಲ್ಲಿ ಹಿಡಿದು ನಡೆಸಬೇಕು, ಅಷ್ಟೇ. 64 ಗ್ರಾಂ ತೂಕ ಇರುವುದು ಕೈ ಒತ್ತದಿರಲೆಂದು. ಇದನ್ನು ಬಾಯಲ್ಲಿ ಹೇಳುವುದು ಸುಲಭ, ಹದಿನೆಂಟು ವರ್ಷದ ಒತ್ತುವ ಅಭ್ಯಾಸವನ್ನು ಕೈಯಿಂದ ಬಿಡಿಸಲು ನನಗೆ ಎರಡು ತಿಂಗಳು ಹಿಡಿಯಿತು. ಹಿಡಿಯ ತುದಿಯನ್ನು ಎರಡೇ ಬೆರಳುಗಳಲ್ಲಿ ಹಿಡಿದದ್ದರಿಂದ ಆ ಅಭ್ಯಾಸ ಕೊನೆಗೂ ಕಳಚಿತು.

ಕತ್ತಿನ ಕೂದಲು ಬೆಳೆಯುವ ದಿಕ್ಕನ್ನು ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ಎರಡು ದಿನ ಗಡ್ಡ ಬಿಟ್ಟು ಬೆರಳಾಡಿಸಿ ನೋಡಿದರೆ, ಬಲಗಡೆ ಕೆಳಕ್ಕೆ, ಎಡಗಡೆ ಕಿವಿಯ ಕಡೆಗೆ ಅಡ್ಡಕ್ಕೆ, ಗಂಟಲ ಗುಳಿಯ ಬಳಿ ಮೇಲಕ್ಕೆ ಬೆಳೆದಿತ್ತು. ಈಗ ಮೊದಲ ಸಲ ಬೆಳೆದ ದಿಕ್ಕಿನಲ್ಲಿ, ಮತ್ತೆ ನೊರೆ ಹಚ್ಚಿ ಎರಡನೆಯ ಸಲ ಅಡ್ಡ ದಿಕ್ಕಿನಲ್ಲಿ ಎಳೆಯುತ್ತೇನೆ. ಎದುರು ದಿಕ್ಕಿನಲ್ಲಿ ಕೆನ್ನೆಯ ಮೇಲೆ ಎಂದಾದರೂ ಎಳೆದೇನು, ಕತ್ತಿನ ಮೇಲೆ ಇಲ್ಲವೇ ಇಲ್ಲ. ಸಂಜೆಯ ಹೊತ್ತಿಗೆ ಕತ್ತು ತುಸು ಒರಟಾಗುವುದು ನಿಜ. ಆದರೆ ಮೂರನೆಯ ತಿಂಗಳಿನಿಂದ ಅಲ್ಲಿ ಗುಳ್ಳೆ ಎದ್ದಿಲ್ಲ.

ಬ್ಲೇಡುಗಳ ವಿಷಯದಲ್ಲಿ ನಾವು ಭಾಗ್ಯವಂತರು. ಐದರ ಪೊಟ್ಟಣ ಇಂದಿಗೂ ಬೀದಿಯ ಅಂಗಡಿಯಲ್ಲಿ ಸಿಗುವುದಕ್ಕೆ ಕಾರಣ ನಮ್ಮ ಕ್ಷೌರದ ಅಂಗಡಿಗಳು: ಅಲ್ಲಿ ಇದೇ ಬ್ಲೇಡನ್ನು ಕಾಗದದೊಳಗೇ ಎರಡಾಗಿ ಮುರಿದು, ಅರ್ಧವನ್ನು ಕತ್ತಿಯ ಹಿಡಿಗೆ ಸಿಕ್ಕಿಸುತ್ತಾರೆ. ಹೊರದೇಶದ ಕೆಲವು ಹೆಸರಾಂತ ಬ್ಲೇಡುಗಳನ್ನೂ ತರಿಸಿ ನೋಡಿದೆ. ಬಹಳ ಹರಿತವಾದವು ನನ್ನ ಕೈಗೆ ಇನ್ನೂ ಬೇಡ ಎನಿಸಿತು. ಸದ್ಯ ಟೋಪಾಜ್ ಮತ್ತು ಸೆವೆನ್ ಓ ಕ್ಲಾಕ್ ಸಾಕಾಗಿವೆ. ಒಂದು ಬ್ಲೇಡಿಗೆ ಐದು ಕ್ಷೌರ, ಆರನೆಯದಕ್ಕೆ ಎಳೆತ ತಿಳಿಯುತ್ತದೆ. ಬಳಸಿದ ಮೇಲೆ ಅಲಗನ್ನು ಟವೆಲಿನಿಂದ ಒರೆಸಬಾರದು, ಅಂಚು ಕೆಡುತ್ತದೆ. ಕೊಡವಿ ಗಾಳಿಗೆ ಒಣಗಲು ಬಿಡಬೇಕು.

ಕೊರತೆಗಳೂ ಇವೆ. ರೇಜರಿನ ತಲೆ ಅಗಲವಾಗಿರುವುದರಿಂದ ಮೂಗಿನ ಬುಡದಲ್ಲಿ ಕಷ್ಟ, ಮೇಲ್ತುಟಿಯನ್ನು ಕೆಳಕ್ಕೆ ಬಿಗಿಹಿಡಿದು ಸಣ್ಣ ಸಣ್ಣ ಎಳೆತಗಳಲ್ಲಿ ಮುಗಿಸಬೇಕು. ಹಿಡಿಯ ಮೇಲಿನ ಕೆತ್ತನೆ ಸಣ್ಣದಾದ್ದರಿಂದ ಸೋಪಿನ ಕೈಯಲ್ಲಿ ಜಾರುತ್ತದೆ. ವಿಮಾನದ ಕೈಚೀಲದಲ್ಲಿ ಬ್ಲೇಡು ಒಯ್ಯುವಂತಿಲ್ಲ. ಹತ್ತು ನಿಮಿಷಕ್ಕಿಂತ ಕಡಿಮೆ ಸಮಯವಿರುವ ಬೆಳಗ್ಗೆ ನಾನು ಕ್ಷೌರವನ್ನೇ ಮುಂದಕ್ಕೆ ಹಾಕುತ್ತೇನೆ.

ಹಳೆಯ ಬ್ಲೇಡಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಮ್ಮ ಮನೆಯ ಕಸವನ್ನು ಬೆಳಗ್ಗೆ ಏಳಕ್ಕೆ ಬರುವ ಪೌರಕಾರ್ಮಿಕ ಮಹಿಳೆ ಕೈಯಿಂದಲೇ ವಿಂಗಡಿಸುತ್ತಾರೆ, ಎಷ್ಟೋ ದಿನ ಕೈಗವಸು ಇಲ್ಲದೆ. ಕಾಗದದಲ್ಲಿ ಸುತ್ತಿದ ಬ್ಲೇಡು ಕಾಗದ ಒದ್ದೆಯಾದೊಡನೆ ಹೊರಬರುತ್ತದೆ. ಆದ್ದರಿಂದ ಕಾಫಿಪುಡಿಯ ಒಂದು ತಗಡಿನ ಡಬ್ಬಿಯ ಮುಚ್ಚಳದಲ್ಲಿ ಸೀಳು ಕೊರೆದು, ಮುಚ್ಚಳವನ್ನು ಸುತ್ತಲೂ ಅಂಟಿಸಿ ಕನ್ನಡಿಯ ಪಕ್ಕ ಇಟ್ಟಿದ್ದೇನೆ. ಐದು ತಿಂಗಳಲ್ಲಿ ಅದರೊಳಗೆ ಬಿದ್ದಿರುವುದು ಹದಿನಾಲ್ಕು ಬ್ಲೇಡು. ಡಬ್ಬಿ ತುಂಬಲು ಇನ್ನೂ ಎಷ್ಟೋ ವರ್ಷ ಬೇಕು. ತುಂಬಿದ ದಿನ ಹಾಗೆಯೇ, ಬಾಯಿ ತೆರೆಯದೆ, ಒಳಗೇನಿದೆ ಎಂದು ಮೇಲೆ ದೊಡ್ಡದಾಗಿ ಬರೆದು ಗುಜರಿಯವರಿಗೆ ಕೊಡುತ್ತೇನೆ.