ಬಾಯಲ್ಲಿ ಮಾತ್ರೆ ಇದ್ದಾಗ

ಭಾನುವಾರ ಬೆಳಿಗ್ಗೆ ಬೇಲೂರಿನಿಂದ ದೊಡ್ಡಮ್ಮ ಚಿಕ್ಕಮಗಳೂರಿಗೆ ಬಂದಿದ್ದರು. ಅಕ್ಕನ ಮಗ ಆಗಷ್ಟೇ ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಂಡು ಜಗಲಿಯಲ್ಲಿ ಕೂತಿದ್ದ. "ಇನ್ನೂ ಮಾತ್ರೆ ತಗೋತಿದ್ದೀಯೇನೋ? ಹಂಗಾದ್ರೆ ನೀನು ಬಿಟ್ಟಿದ್ದೇನು?" ಅಂದರು. ಅವನು ತಲೆ ತಗ್ಗಿಸಿದ.

ಅದು ಬ್ಯುಪ್ರೆನಾರ್ಫಿನ್, ಅಫೀಮು ಜಾತಿಯ ಔಷಧಿಗಳ ಚಟಕ್ಕೆ ಚಿಕಿತ್ಸೆಯಾಗಿ ಕೊಡುವ ಮಾತ್ರೆ. ಕರಗಲು ಐದು ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಮಾತಾಡಬಾರದು. ನುಂಗಿಬಿಟ್ಟರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಉತ್ತರ ಕೊಡಲಾಗದೆ ಅವನು ಸುಮ್ಮನಿದ್ದ. ತಪ್ಪು ಸಿಕ್ಕಿಬಿತ್ತು ಅಂತ ಸುಮ್ಮನಿದ್ದಾನೆ ಅಂದುಕೊಂಡರು ದೊಡ್ಡಮ್ಮ. ಕೆಟ್ಟವರಲ್ಲ ಅವರು. ಅವನ ಕಾಲು ಮುರಿದಾಗ ತಿಂಗಳುಗಟ್ಟಲೆ ಗಂಜಿ ಕುಡಿಸಿದವರೇ. ಆದರೂ ಆ ತಗ್ಗಿದ ತಲೆ ವಾರವಿಡೀ ನನ್ನ ಕಣ್ಣಮುಂದೆಯೇ ಇದೆ.

ಬೈಕಿನಿಂದ ಬಿದ್ದ ನೋವಿಗೆ ಶುರುವಾದ ಟ್ರಮಡಾಲ್ ಅನ್ನುವ ಅಫೀಮು ಜಾತಿಯ ನೋವಿನ ಮಾತ್ರೆ ಅವನನ್ನು ಬಿಡಲಿಲ್ಲ. 2018ರಿಂದ ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಇರುವ ಔಷಧಿ ಅದು. ಆದರೂ ಹೇಗೋ ಸಿಗುತ್ತಿತ್ತು. ಆಮೇಲೆ ಒಂದು ಚಟ ಬಿಡಿಸುವ ಕೇಂದ್ರದಲ್ಲಿ ಮೂವತ್ತು ದಿನ ಇಟ್ಟುಕೊಂಡು, "ಗುಣ ಆಗಿದೆ" ಅಂತ ಕಳಿಸಿದರು. ಮುಂದಿನ ಭೇಟಿ ಇಲ್ಲ, ಒಂದು ಫೋನೂ ಇಲ್ಲ. ಒಂದೇ ವಾರಕ್ಕೆ ಹಳೇ ಲೆಕ್ಕದಲ್ಲಿ ಟ್ರಮಡಾಲ್ ತಗೊಂಡು ಉಸಿರು ನಿಧಾನವಾಗಿ ಬಿದ್ದಿದ್ದ. ತಿಂಗಳು ಬಿಟ್ಟಿದ್ದ ದೇಹಕ್ಕೆ ಹಳೇ ಪ್ರಮಾಣ ತಡೆಯುವ ಶಕ್ತಿ ಇರುವುದಿಲ್ಲ. ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ಆ ಸಿಟ್ಟು ನನಗಿನ್ನೂ ಇದೆ.

ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಈ ನಾಲಿಗೆ ಕೆಳಗಿನ ಔಷಧಿಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಇದನ್ನು ತಗೊಳ್ಳುತ್ತಾ ಇರುವುದೇ ಚಿಕಿತ್ಸೆ. ಬೇಗ ನಿಲ್ಲಿಸಿದಷ್ಟೂ ಮತ್ತೆ ಜಾರುವುದು ಜಾಸ್ತಿ. ಎಷ್ಟು ಜನ ಮೂವತ್ತು ದಿನ ಮುಗಿಸಿದರು ಅಂತಲ್ಲ, ವರ್ಷ ಕಳೆದ ಮೇಲೂ ಎಷ್ಟು ಜನ ಚಿಕಿತ್ಸೆಯಲ್ಲಿ ಉಳಿದಿದ್ದಾರೆ ಅಂತ ಲೆಕ್ಕ ಇಡಬೇಕಲ್ವಾ? ಎಲ್ಲಾ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆಯೂ ಅಲ್ಲ ಇದು. ನಮ್ಮ ಹುಡುಗ ತೋಟದ ಕೆಲಸಕ್ಕೆ ರಜೆ ಹಾಕಿ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ತರುತ್ತಾನೆ. ಕೂಲಿ ಹೋಯಿತು, ಬಸ್ ಚಾರ್ಜೂ ಹೋಯಿತು. ಹತ್ತಿರದಲ್ಲೇ ಸಿಕ್ಕಿದ್ದರೆ ಎಷ್ಟು ಜನ ಅರ್ಧದಲ್ಲಿ ಬಿಡುತ್ತಿರಲಿಲ್ಲವೋ.

ಅವತ್ತು ಮಾತ್ರೆ ಕರಗಿದ ಮೇಲೆ ಅವನು ಹೇಳಿದ್ದು ಇಷ್ಟೇ: "ಅಜ್ಜಿ, ಇದು ಇರೋದಕ್ಕೇ ನಾನು ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗ್ತಿರೋದು." ದೊಡ್ಡಮ್ಮ ಏನೂ ಅನ್ನಲಿಲ್ಲ.

ಇವತ್ತು ಬೆಳಿಗ್ಗೆ ಅವರ ಫೋನ್ ಬಂತು. ಅವನಿಗೇ ಕೊಡು ಅಂದರು. ಬಾಯಲ್ಲಿ ಮಾತ್ರೆ ಇದೆ ಅಂದೆ.

"ಸರಿ, ಕರಗಲಿ. ಆಮೇಲೆ ಮಾಡ್ತೀನಿ" ಅಂದರು.